ಹಳೇ ಫರ್ನೇಸ್‌ನ ಪೈಲಟ್ ಹತ್ತುತ್ತಿಲ್ಲ, ನಾವೇ ಸರಿ ಮಾಡಬಹುದಾ?

ಮಿಷಿಗನ್‌ನಲ್ಲಿ ಹಳೇ ಬಾಡಿಗೆ ಮನೆ, ಬೇಸ್‌ಮೆಂಟ್‌ನಲ್ಲಿ ಮನೆ ಬೆಚ್ಚಗಿಡೋ ಗ್ಯಾಸ್ ಫರ್ನೇಸ್, ಅದರ ದೊಡ್ಡ ಉರಿ ಹಚ್ಚೋ ಪುಟ್ಟ ಬೆಂಕಿ, ಅಂದರೆ ಪೈಲಟ್, ಬೆಳಿಗ್ಗೆಯಿಂದ ಹತ್ತುತ್ತಿಲ್ಲ, ಮನೆಯಲ್ಲಿ ಪುಟ್ಟ ಮಗು ಇದೆ ಅಂತ ಬರೆದಿದ್ದೀರಿ. ಬೇಸ್‌ಮೆಂಟಿಗೆ ಇಳಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗ್ಯಾಸ್ ಸೋರುತ್ತಿರಬಹುದು, ಯಾವುದನ್ನೂ ಮುಟ್ಟಬೇಡಿ. ಲೈಟ್ ಸ್ವಿಚ್ ಕೂಡ ಒತ್ತಬೇಡಿ. ಎಲ್ಲರೂ ಮನೆಯಿಂದ ಆಚೆ ಬನ್ನಿ. ಆಚೆ ನಿಂತೇ ಗ್ಯಾಸ್ ಕಂಪನಿಗೋ ತುರ್ತು ನಂಬರ್ 911ಕ್ಕೋ ಫೋನ್ ಮಾಡಿ.

ವಾಸನೆ ಇಲ್ಲ ಅಂದರೆ ನೀವೇ ನೋಡಬಹುದಾದದ್ದು ಸುಮಾರಿದೆ. ಮೊದಲು ನಿಮ್ಮದು ನಿಜವಾಗಲೂ ಪೈಲಟ್ ಇರೋ ಫರ್ನೇಸಾ ಅಂತ ಖಚಿತ ಮಾಡಿಕೊಳ್ಳಿ. 1992ರಲ್ಲಿ ಅಮೆರಿಕದಲ್ಲಿ ಇಂಧನ ಉಳಿತಾಯದ ನಿಯಮ ಬಿಗಿಯಾಯಿತು. ಆಮೇಲೆ ಸದಾ ಉರಿಯುವ ಪೈಲಟ್ ಹೊಸ ಫರ್ನೇಸ್‌ಗಳಲ್ಲಿ ಹೆಚ್ಚುಕಡಿಮೆ ಕಾಣೆಯಾಯಿತು. ಹೊಸದರಲ್ಲಿ ಕೆಂಪಗೆ ಕಾಯುವ ಇಗ್ನೈಟರ್ ಇರುತ್ತೆ. ಅಂಥದ್ದಕ್ಕೆ ಕಡ್ಡಿ ಗೀರಿ ಹಿಡಿಯಲೇಬಾರದು. ಗ್ಯಾಸ್ ವಾಲ್ವ್ ಮೇಲಿನ ನಾಬ್‌ಗೆ ಆಫ್, ಪೈಲಟ್, ಆನ್ ಅಂತ ಮೂರು ಗುರುತಿದ್ದರೆ ನಿಮ್ಮದು ಹಳೇ ಬಗೆ.

ಮನೆ ಎಷ್ಟು ಬೆಚ್ಚಗಿರಬೇಕು ಅಂತ ಹೊಂದಿಸೋ ಥರ್ಮೋಸ್ಟಾಟ್ ಪೂರ್ತಿ ಇಳಿಸಿ. ಫರ್ನೇಸ್‌ನ ಕರೆಂಟ್ ತೆಗೆಯಿರಿ. ನಾಬ್ ಆಫ್‌ಗೆ ತಿರುಗಿಸಿ 5 ನಿಮಿಷ ಕಾಯಿರಿ. ಒಳಗೆ ನಿಂತಿರೋ ಗ್ಯಾಸ್ ಚದುರಿ ಹೋಗಬೇಕು, ಅದಕ್ಕೇ ಈ 5 ನಿಮಿಷವನ್ನು ದಯವಿಟ್ಟು ಬಿಡಬೇಡಿ. ನೆಲದ ಹತ್ತಿರ ಬಗ್ಗಿಯೂ ಮೂಸಿ ನೋಡಿ. ನಿಮ್ಮದು ಪ್ರೊಪೇನ್ ಆದರೆ ಅದು ಗಾಳಿಗಿಂತ ಭಾರ, ಕೆಳಗೇ ಕೂತಿರುತ್ತೆ. ಆಮೇಲೆ ನಾಬ್ ಪೈಲಟ್‌ಗೆ ತಂದು, ಒತ್ತಿ ಹಿಡಿದು, ಉದ್ದನೆ ಲೈಟರ್‌ನಿಂದ ಹಚ್ಚಿ. ಹತ್ತಿದ ಮೇಲೂ ಒಂದು ನಿಮಿಷ ಒತ್ತಿಕೊಂಡೇ ಇರಿ. ತುಂಬಾ ಜನ ಬೇಗ ಕೈ ಬಿಡ್ತಾರೆ. ಕೈ ಬಿಟ್ಟ ಮೇಲೂ ಬೆಂಕಿ ನಿಂತರೆ ನಾಬ್ ಆನ್‌ಗೆ ತಿರುಗಿಸಿ, ಕರೆಂಟ್ ಹಾಕಿ, ಥರ್ಮೋಸ್ಟಾಟ್ ಏರಿಸಿ. ನಾಬ್ ಬಿಗಿಯಾಗಿದೆ ಅಂತ ಇಕ್ಕಳ ಹಾಕಬೇಡಿ. ಕೈಯಲ್ಲಿ ತಿರುಗದಿದ್ದರೆ ಅದು ರಿಪೇರಿಯವರ ಕೆಲಸ.

ಹತ್ತುತ್ತೆ, ಕೈ ಬಿಟ್ಟ ತಕ್ಷಣ ಆರುತ್ತೆ ಅನ್ನೋದಾದರೆ ನನ್ನ ಅನುಮಾನ ಥರ್ಮೋಕಪಲ್ ಮೇಲೆ. ಪೈಲಟ್ ಬೆಂಕಿಯ ಪಕ್ಕದಲ್ಲೇ ಒಂದು ಸಣ್ಣ ಲೋಹದ ಕಡ್ಡಿ ನಿಂತಿರುತ್ತೆ. ಅದರಿಂದ ತೆಳ್ಳನೆಯ ತಾಮ್ರದ ಎಳೆ ವಾಲ್ವ್‌ವರೆಗೂ ಹೋಗಿರುತ್ತೆ. ಎರಡು ಬೇರೆ ಲೋಹಗಳು ಕೂಡುವ ತುದಿ ಕಾದಾಗ 25-30 ಮಿಲಿವೋಲ್ಟ್‌ನಷ್ಟು ವೋಲ್ಟೇಜ್ ಹುಟ್ಟುತ್ತೆ. ವಾಲ್ವ್ ಒಳಗಿನ ಮ್ಯಾಗ್ನೆಟ್ ಗ್ಯಾಸಿನ ದಾರಿ ತೆರೆದು ಹಿಡಿಯೋಕೆ ಅಷ್ಟೇ ಸಾಕು. ಬೆಂಕಿ ಆರಿ ಕಡ್ಡಿ ತಣ್ಣಗಾದರೆ ಮ್ಯಾಗ್ನೆಟ್ ಕೈಬಿಡುತ್ತೆ, ಗ್ಯಾಸ್ ನಿಲ್ಲುತ್ತೆ. ಬ್ಯಾಟರಿ ಬೇಡ, ಹೊರಗಿನ ಕರೆಂಟ್ ಬೇಡ. ಇಷ್ಟು ಸರಳವಾದ ಕಾವಲು ನನಗಂತೂ ತುಂಬಾ ಇಷ್ಟ. ನಾಬ್ ಒತ್ತಿ ಟೇಪ್ ಸುತ್ತಿಬಿಡಿ ಅಂತ ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ಹಾಗೆ ಮಾಡಿದರೆ ಕಾವಲನ್ನೇ ತೆಗೆದಂತೆ.

ಈಗ ಬೆಂಕಿಯನ್ನು ಗಮನವಿಟ್ಟು ನೋಡಿ. ನೀಲಿಯಾಗಿ, ಕಡ್ಡಿಯ ಮೇಲಿನ ಅರ್ಧ ಇಂಚನ್ನು ಸುತ್ತಿಕೊಂಡಿರಬೇಕು. ಹಳದಿಯಾಗಿ, ಸೊರಗಿ, ಕಡ್ಡಿಗೆ ತಾಗದೆ ಅಲ್ಲಾಡುತ್ತಿದ್ದರೆ ಪೈಲಟ್‌ನಲ್ಲಿ ಧೂಳೋ ಮಸಿಯೋ ಜೇಡರ ಬಲೆಯೋ ಕಟ್ಟಿಕೊಂಡಿದೆ. ಗ್ಯಾಸ್ ಆಫ್ ಮಾಡಿ, ಎಲ್ಲ ತಣ್ಣಗಾದ ಮೇಲೆ ಕಂಪ್ಯೂಟರ್ ಕ್ಲೀನ್ ಮಾಡೋ ಗಾಳಿಯ ಡಬ್ಬಿಯಿಂದ ಊದಿ. ಪಿನ್ನು ಚುಚ್ಚಬೇಡಿ, ಗ್ಯಾಸ್ ಬರೋ ತೂತು ದೊಡ್ಡದಾಗುತ್ತೆ.

ಬೆಂಕಿ ಚೆನ್ನಾಗಿದ್ದೂ ನಿಲ್ಲದಿದ್ದರೆ, ವಾಲ್ವ್‌ಗೆ ಥರ್ಮೋಕಪಲ್ ಸೇರುವ ನಟ್ ಸಡಿಲವಾಗಿದೆಯಾ ನೋಡಿ. ಕೈಯಲ್ಲಿ ಬಿಗಿ ಮಾಡಿ, ಸ್ಪ್ಯಾನರ್‌ನಲ್ಲಿ ಇನ್ನೊಂದು ಕಾಲು ಸುತ್ತು, ಅಷ್ಟೇ ಸಾಕು. ಅದಕ್ಕೂ ಬಗ್ಗದಿದ್ದರೆ ಥರ್ಮೋಕಪಲ್ ಬದಲಿಸಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಹತ್ತಿಪ್ಪತ್ತು ಡಾಲರ್‌ಗೆ ಸಿಗುತ್ತೆ. ಹೊಸದು ಹಾಕಿದರೂ ನಿಲ್ಲದಿದ್ದರೆ ವಾಲ್ವ್ ಕೆಟ್ಟಿರಬಹುದು. ಅಲ್ಲಿಗೆ ನೀವು ಕೈ ಹಾಕಬೇಡಿ.

ಬೆಂಕಿಯೇ ಬರುತ್ತಿಲ್ಲ ಅಂದರೆ ಫರ್ನೇಸ್‌ಗೆ ಬರೋ ಗ್ಯಾಸ್ ಪೈಪ್‌ನ ಹಿಡಿಕೆ ನೋಡಿ. ಪೈಪ್ ಉದ್ದಕ್ಕೇ ಇದ್ದರೆ ಗ್ಯಾಸ್ ತೆರೆದಿದೆ, ಅಡ್ಡ ಇದ್ದರೆ ಮುಚ್ಚಿದೆ.

ಫರ್ನೇಸ್ ಮುಂದೆ ಮಸಿ ಕಂಡರೆ, ಇಲ್ಲಾ ಬೆಂಕಿ ಹೊರಗೆ ಚಾಚಿದರೆ ತಕ್ಷಣ ನಿಲ್ಲಿಸಿ. ಹೊಗೆ ಹೋಗೋ ದಾರಿ ಕಟ್ಟಿರಬಹುದು. ಆಗ ಮನೆಯೊಳಗೆ ಬರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಗು ಮಲಗೋ ಕೋಣೆಯ ಹತ್ತಿರ ಅದರ ಅಲಾರಂ ಇಲ್ಲದಿದ್ದರೆ ಇವತ್ತೇ ತನ್ನಿ.

ಬಾಡಿಗೆ ಮನೆ ಅಲ್ವಾ, ಓನರ್‌ಗೆ ಈಗಲೇ ಮೆಸೇಜ್ ಹಾಕಿ. ಹೀಟಿಂಗ್ ಸರಿ ಇಡೋದು ಅವರ ಜವಾಬ್ದಾರಿ. ರಾತ್ರಿಗೆ ಎಲೆಕ್ಟ್ರಿಕ್ ಹೀಟರ್ ಹಾಕೋದಾದರೆ ನೇರ ಗೋಡೆಯ ಪ್ಲಗ್‌ಗೇ ಹಾಕಿ, ಎಕ್ಸ್‌ಟೆನ್ಷನ್ ಬೇಡ. ಹಾಸಿಗೆಯಿಂದ 3 ಅಡಿ ದೂರ ಇರಲಿ. ಅಡುಗೆಮನೆಯ ಗ್ಯಾಸ್ ಓವನ್ ಹಚ್ಚಿ ಮನೆ ಬೆಚ್ಚಗೆ ಮಾಡೋ ಯೋಚನೆ ಬೇಡವೇ ಬೇಡ. ಚಳಿ ಜಾಸ್ತಿ ಇದ್ದರೆ ನಲ್ಲಿಗಳಲ್ಲಿ ಸಣ್ಣಗೆ ನೀರು ತೊಟ್ಟಿಕ್ಕಲು ಬಿಡಿ, ಪೈಪ್ ಹೆಪ್ಪುಗಟ್ಟಿ ಒಡೆಯೋದು ತಪ್ಪುತ್ತೆ.