ಹಳೇ ಸರ್ವೇಯರ್ ಹತ್ತಿರ ಕೆಲಸ ಕಲಿಯಲಾ, ಇಲ್ಲ ಡ್ರೋನ್ ಕೋರ್ಸ್ ಸೇರಲಾ?

ಡಿಪ್ಲೊಮಾ ಮುಗಿದಿದೆ, ಊರಿನ ವಯಸ್ಸಾದ ಸರ್ವೇಯರ್ ಒಬ್ಬರು ‘ಬಾ, ಕಲಿಸ್ತೀನಿ’ ಅಂದಿದ್ದಾರೆ, ಆದರೆ ಅವರಿಗೆ ಟೋಟಲ್ ಸ್ಟೇಷನ್ನೇ (ದೂರ, ಕೋನ ಅಳೆಯುವ ಎಲೆಕ್ಟ್ರಾನಿಕ್ ಯಂತ್ರ) ಸರಿಯಾಗಿ ಗೊತ್ತಿಲ್ಲ, ಅವರಿಂದ ಏನು ಸಿಗುತ್ತೆ ಅಂತ ಕೇಳಿದ್ದೀರಿ. ನಾನೂ ನಿಮ್ಮ ವಯಸ್ಸಿನಲ್ಲಿ ಹೀಗೇ ಅಂದುಕೊಂಡಿದ್ದೆ.

ನನಗೆ ಕೆಲಸ ಕಲಿಸಿದವರು ಇಲಾಖೆಯಿಂದ ನಿವೃತ್ತರಾಗಿ ನಮ್ಮ ತಾಲ್ಲೂಕಿನಲ್ಲಿ ಖಾಸಗಿಯಾಗಿ ಜಮೀನು ಅಳೆದುಕೊಡುತ್ತಿದ್ದರು. ಎಲ್ಲರೂ ಅವರನ್ನು ಸರ್ವೇ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಈಗ ಅವರಿಲ್ಲ. ಹೊಲಕ್ಕೆ ಹೋದರೆ ಅವರು ಮೊದಲು ಯಂತ್ರ ಬಿಚ್ಚುತ್ತಿರಲಿಲ್ಲ. ಜಮೀನಿನ ಸುತ್ತ ಒಂದು ಸುತ್ತು ನಡೆಯುವರು. ಚಕ್ಕುಬಂದಿಯ ನಾಲ್ಕೂ ಕಡೆಯವರನ್ನು ಕರೆಸುವರು. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹಿರಿಯರನ್ನು ‘ಯಜಮಾನ್ರೇ, ಈ ಬದು ನಿಮಗೆ ಬುದ್ಧಿ ಬಂದಾಗಿನಿಂದ ಇಲ್ಲೇ ಇತ್ತಾ?’ ಅಂತ ಕೇಳಿ, ಉತ್ತರ ಪೂರ್ತಿ ಮುಗಿಯುವವರೆಗೂ ಕಾಯುವರು. ನನಗೆ ಇದೆಲ್ಲ ಸುಮ್ನೆ ಟೈಮ್ ವೇಸ್ಟ್ ಅನಿಸುತ್ತಿತ್ತು.

ಒಂದು ಸಲ ಅಣ್ಣತಮ್ಮಂದಿರ ಪಾಲಿನ ಜಮೀನು ಬಂತು. ಮೇಷ್ಟ್ರಿಗೆ ಹುಷಾರಿರಲಿಲ್ಲ. ‘ತಮ್ಮಾ, ನೀನು ಹೋಗಿ ಕಲ್ಲುಗಳನ್ನು ಮಾತ್ರ ನೋಡ್ಕೊಂಡು ಬಾ, ಗೆರೆ ನಾನು ಬಂದ ಮೇಲೆ’ ಅಂದರು. ನಾನು ಬಾಡಿಗೆಗೆ ಟೋಟಲ್ ಸ್ಟೇಷನ್ ತಗೊಂಡು ಹೋದೆ. ಅಣ್ಣತಮ್ಮಂದಿರು ಇವತ್ತೇ ಗೆರೆ ಹಾಕಿಕೊಡಿ ಅಂದರು, ಹಾಕಿಕೊಟ್ಟೆ.

ಎಲ್ಲಿ ತಪ್ಪಿದೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಮ್ಮ ಹಳೇ ಟಿಪ್ಪಣಿ, ಅಂದರೆ ಹಿಂದೆ ಸರ್ವೆ ಮಾಡಿದಾಗ ಹೊಲದ ಅಳತೆ ಬರೆದಿಟ್ಟ ನಕ್ಷೆ, ನೋಡಿರುತ್ತೀರಿ. ಹೊಲದ ಉದ್ದಕ್ಕೂ ಒಂದು ಬೇಸ್‌ಲೈನ್, ಅದರಿಂದ ಎಡಕ್ಕೆ ಬಲಕ್ಕೆ ಲಂಬವಾಗಿ ಪ್ರತಿ ಮೂಲೆಗೂ ಆಫ್‌ಸೆಟ್. ಅಳತೆ ಸರಪಳಿ ಮತ್ತು ಆಣೆಯಲ್ಲಿ. ಒಂದು ಸರಪಳಿ ಅಂದರೆ 33 ಅಡಿ, ಅದರ 16ರಲ್ಲಿ ಒಂದು ಭಾಗ ಆಣೆ, ಅಂದರೆ ಎರಡು ಅಡಿಗಿಂತ ಚೂರು ಜಾಸ್ತಿ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇದ್ದರೆ 1089 ಚದರಡಿ, ಅದೇ ಒಂದು ಗುಂಟೆ. ಅಂಥ 40 ಸೇರಿದರೆ ಎಕರೆ. ಆ ಪಾಲಿನ ಜಮೀನಿನ ಟಿಪ್ಪಣಿಯಲ್ಲಿ ಎರಡು ಬಾಂದು ಕಲ್ಲುಗಳ (ಗಡಿ ಕಲ್ಲುಗಳ) ನಡುವೆ 10 ಸರಪಳಿ 8 ಆಣೆ ಅಂತ ಇತ್ತು. ಅಂದರೆ 346 ಅಡಿ 6 ಇಂಚು. ನನಗೆ ಸಿಕ್ಕಿದ್ದು 343 ಅಡಿ.

ಮೂರೂವರೆ ಅಡಿ ಕಡಿಮೆ. ಆಗ ನಾನು ಯೋಚನೆ ಮಾಡಿದ್ದು ಇಷ್ಟೇ: ಹಳೇ ಕಾಲದ ಕಬ್ಬಿಣದ ಸರಪಳಿ, ಸವೆದು ಹಿಗ್ಗಿರುತ್ತದೆ, ಅವರ ಅಳತೆಯೇ ತಪ್ಪು, ನನ್ನ ಯಂತ್ರ ಸರಿ. ಹಾಗಂತ ಟಿಪ್ಪಣಿಯ ಎಲ್ಲಾ ಅಂಕಿಗಳನ್ನೂ ನೂರಕ್ಕೆ ಒಂದರಂತೆ ಕುಗ್ಗಿಸಿ, ಆ ಎರಡು ಕಲ್ಲಿಗೆ ಹೊಂದಿಸಿ, ಪಾಲಿನ ಗೆರೆ ಎಳೆದೆ. ಕಂಪ್ಯೂಟರಿನಲ್ಲಿ ನಕ್ಷೆ ಬಹಳ ಚೆನ್ನಾಗಿ ಕೂತಿತು.

ಸವೆದ ಸರಪಳಿ ಉದ್ದ ಆಗುತ್ತದೆ, ನಿಜ. ಆದರೆ ಸರಪಳಿ ಉದ್ದವಾದರೆ ಅದೇ ದೂರಕ್ಕೆ ಕಡಿಮೆ ಸಲ ಹಾಸಬೇಕು, ಅಲ್ವಾ? ಅಂದರೆ ದಾಖಲೆಯಲ್ಲಿ ಅಂಕಿ ಕಡಿಮೆ ಇರುತ್ತದೆ, ಇವತ್ತು ಅಳೆದರೆ ಜಾಸ್ತಿ ಬರಬೇಕು. ನನಗೆ ಬಂದದ್ದು ಕಡಿಮೆ. ನಾನು ಕೊಟ್ಟುಕೊಂಡ ಕಾರಣವೇ ಉಲ್ಟಾ ಇತ್ತು. ಇಳಿಜಾರಿನಲ್ಲಿ ಸರಪಳಿಯನ್ನು ನೆಲದ ಮೇಲೇ ಹಾಸಿ ಅಳೆದಿದ್ದರೆ ದಾಖಲೆಯಲ್ಲಿ ಜಾಸ್ತಿ ಇರಬಹುದಿತ್ತು, ಆದರೆ ಅದು ಸಮತಟ್ಟು ಗದ್ದೆ ಬಯಲು. ಇಷ್ಟು ಸಣ್ಣ ವಿಷಯ ಆಗ ಹೊಳೆಯಲಿಲ್ಲ. ಬೇರೆ ಯಾವ ಕಲ್ಲಿಗೂ ಅಳೆದು ನೋಡಲಿಲ್ಲ.

ಅಣ್ಣ ಆ ಗೆರೆಯ ಪಕ್ಕದಲ್ಲೇ ಬೋರ್‌ವೆಲ್ ಕೊರೆಸಿದ. ನೀರೂ ಬಂತು. ಆಮೇಲೆ ತಮ್ಮ ತಕರಾರು ತೆಗೆದ.

ಮೇಷ್ಟ್ರು ಬಂದರು. ನನ್ನ ನಕ್ಷೆ ನೋಡಿ ಬೈಯಲಿಲ್ಲ, ಪಿಕಾಸಿ ಕೇಳಿದರು. ರಸ್ತೆ ಬದಿಯ ಬಾಂದು ಕಲ್ಲಿನ ಬುಡ ಅಗೆಸಿದರೆ ಅಡಿಯಲ್ಲಿ ಜಲ್ಲಿ, ಸಿಮೆಂಟು! ಆ ಕಲ್ಲು ಹಾಕಿದ ಕಾಲಕ್ಕೆ ಅಲ್ಲಿ ಸಿಮೆಂಟ್ ಎಲ್ಲಿತ್ತು? ರಸ್ತೆ ಅಗಲ ಮಾಡಿದಾಗ ಯಾರೋ ಕಿತ್ತು ಒಳಗೆ ಸರಿಸಿ ನೆಟ್ಟಿದ್ದರು. ಆಮೇಲೆ ಮೇಷ್ಟ್ರು ಪಕ್ಕದ ಸರ್ವೆ ನಂಬರುಗಳ ಟಿಪ್ಪಣಿ ಹರಡಿಕೊಂಡು ಅಲ್ಲಿನ ಕಲ್ಲುಗಳಿಂದ ಅಳೆದು ಬಂದರು. ಮೂರು ಊರಿನ ಎಲ್ಲೆ ಕೂಡುವ ಕಲ್ಲಿನಿಂದಲೂ ತಾಳೆ ನೋಡಿದರು. ಎಲ್ಲವೂ ಒಂದೇ ಜಾಗ ತೋರಿಸಿದವು. ನಿಜವಾದ ಗೆರೆ ಪ್ರಕಾರ ಬೋರ್‌ವೆಲ್ ತಮ್ಮನ ಕಡೆಗೆ ಬಿತ್ತು.

ಗೋಡೆಯಾದರೆ ಒಡೆದು ಕಟ್ಟಬಹುದು, ಕೊಳವೆ ಬಾವಿಯನ್ನು ಎಲ್ಲಿಗೆ ಎತ್ತಿಡುತ್ತೀರಿ? ಅಣ್ಣತಮ್ಮಂದಿರು ಮಾತು ಬಿಟ್ಟರು. ಖರ್ಚಿನಲ್ಲಿ ಒಂದು ಪಾಲು ನಾನು ಕೊಟ್ಟೆ. ಆ ಹೋಬಳಿಯಲ್ಲಿ ಬಹಳ ಕಾಲ ನನ್ನನ್ನು ಯಾರೂ ಕರೆಯಲಿಲ್ಲ. ಮೇಷ್ಟ್ರು ಮಾತ್ರ ಎರಡೂ ಮನೆಗೆ ನನ್ನನ್ನು ಕರೆದುಕೊಂಡು ಹೋಗಿ, ‘ಹುಡುಗನನ್ನು ಕಳಿಸಿದ್ದು ನಾನು, ತಪ್ಪಿಗೆ ನಾನೂ ಪಾಲುದಾರ’ ಅಂದರು. ಗೆರೆ ಹಾಕಬೇಡ ಅಂತ ಹೇಳಿಯೇ ಕಳಿಸಿದ್ದೆ ಅನ್ನೋದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

ಆಮೇಲೆ ಅವರು ನನ್ನ ಕೈಯಲ್ಲಿ ಸರಪಳಿ ಹಿಡಿಸಿದರು. ಯಂತ್ರ ಬೇಡ ಅಂತಲ್ಲ. ಆ ಅಂಕಿ ಬರೆದವನ ಕೈಗೆ ಎಲ್ಲೆಲ್ಲಿ ತಪ್ಪು ಬೀಳಬಹುದಿತ್ತು ಅಂತ ನನಗೆ ಗೊತ್ತಾಗಲಿ ಅಂತ. 1800ರಲ್ಲಿ ಬ್ರಿಟಿಷ್ ಸರ್ವೇಯರ್ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಬೇಸ್‌ಲೈನ್ ಅಳೆದಾಗ ಬಿಸಿಲಿಗೆ ಉಕ್ಕಿನ ಸರಪಳಿ ಎಷ್ಟು ಹಿಗ್ಗುತ್ತದೆ ಅನ್ನೋದನ್ನೂ ಲೆಕ್ಕಕ್ಕೆ ಹಿಡಿದಿದ್ದ ಅಂತ ಅವರೇ ಹೇಳಿದ್ದು. ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದ ಅಂಕಿಯನ್ನು ರಬ್ಬರಿನಿಂದ ಅಳಿಸಲು ಬಿಡುತ್ತಿರಲಿಲ್ಲ. ತಪ್ಪಾದರೆ ಅಡ್ಡಗೆರೆ ಹೊಡೆದು ಪಕ್ಕದಲ್ಲಿ ಬರಿ ಅನ್ನುವರು. ಟಿಪ್ಪಣಿ ಬೇರೆ ಹೇಳಿ, ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ದಾಖಲೆ) ಬೇರೆ ಹೇಳಿ, ಪಹಣಿ ಮೂರನೇ ಲೆಕ್ಕ ಕೊಟ್ಟರೆ ಎಲ್ಲಿಂದ ಹುಡುಕಬೇಕು, ಖರಾಬು (ಸಾಗುವಳಿಗೆ ಬಾರದ ಜಾಗ) ಎಲ್ಲಿ ಕಳೆದಿದ್ದಾರೆ, ಪೋಡಿಯಲ್ಲಿ (ಸರ್ವೆ ನಂಬರನ್ನು ಭಾಗ ಮಾಡುವಾಗ) ಏನು ತಪ್ಪಿರಬಹುದು, ಇದನ್ನೆಲ್ಲ ನಾನು ಕಲಿತದ್ದು ಬದುವಿನ ಮೇಲೆ ಕೂತು.

ಈಗ ನಿಮ್ಮ ಮಾತಿಗೆ ಬರುತ್ತೇನೆ. ‘ಅವರಿಗೆ ಟೋಟಲ್ ಸ್ಟೇಷನ್ ಗೊತ್ತಿಲ್ಲ’ ಅನ್ನೋದು ನನ್ನ ಪ್ರಕಾರ ಲೆಕ್ಕಕ್ಕೇ ಬರಲ್ಲ. ಯಂತ್ರ ಒಂದೆರಡು ವಾರದಲ್ಲಿ ಕೈಗೆ ಹತ್ತುತ್ತದೆ. ಡ್ರೋನ್ ಚಿತ್ರದಲ್ಲಿ ಇವತ್ತಿನ ಬದು ಚೆನ್ನಾಗಿ ಕಾಣುತ್ತದೆ, ಉಪಗ್ರಹದ ಸಂಕೇತ ಹಿಡಿಯುವ ರೋವರ್ ಸೆಂಟಿಮೀಟರ್ ಲೆಕ್ಕದಲ್ಲಿ ಜಾಗ ತೋರಿಸುತ್ತದೆ. ಆದರೆ ಆ ಬದು ಅಲ್ಲಿರಬೇಕಿತ್ತಾ, ಆ ಕಲ್ಲು ಮೊದಲಿನ ಜಾಗದಲ್ಲೇ ಇದೆಯಾ ಅನ್ನೋದು ಅವೆರಡರಿಂದಲೂ ತಿಳಿಯಲ್ಲ. ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಿಕೊಡಲು, ಕರೆಯುವ ರೈತ ಕೇಳೋದು ಇದನ್ನೇ. ಜಮೀನಿನ ಒಂದು ಹಿಸ್ಸಾ (ಭಾಗ) ಮಾರುವ ಮುಂಚೆ ಆ ಭಾಗ ತೋರಿಸುವ 11ಇ ನಕ್ಷೆ ಮಾಡುವಾಗಲೂ ಇದೇ ಪ್ರಶ್ನೆ ಏಳುತ್ತದೆ.

ಕೋರ್ಸ್ ಬೇಡ ಅನ್ನುತ್ತಿಲ್ಲ, ಆಮೇಲೆ ಮಾಡಿ. ಅದು ಮುಂದಿನ ವರ್ಷವೂ ಇರುತ್ತದೆ, ನಿಮ್ಮ ಊರಿನ ಸರ್ವೇಯರಿಗೆ ಮಾತ್ರ ವಯಸ್ಸಾಗಿದೆ. ಹೋಗುವಾಗ ನಿಮ್ಮದೇ ಮನೆಯ ಜಮೀನಿನ ಟಿಪ್ಪಣಿ ನಕಲು ತಗೊಂಡು ಹೋಗಿ, ಜೊತೆಗೆ ಅಕ್ಕಪಕ್ಕದ ಸರ್ವೆ ನಂಬರುಗಳದ್ದೂ ಇರಲಿ. ಸ್ಕೇಲು, ಪೆನ್ಸಿಲಿನಿಂದ ಅವುಗಳನ್ನು ಒಂದೇ ಹಾಳೆಯ ಮೇಲೆ ಸೇರಿಸಿ ಬರೆಯಲು ಹೇಳಿಕೊಡಿ ಅಂತ ಕೇಳಿ. ಎಲ್ಲೋ ಒಂದು ಕಡೆ ಕೂಡಲ್ಲ. ಯಾಕೆ ಕೂಡಲಿಲ್ಲ ಅಂತ ಅವರು ಹೇಳಲು ಶುರು ಮಾಡಿದರೆ ನೋಟ್‌ಬುಕ್ ತೆಗೆಯಿರಿ.