‘ಒಂದು ಪೈಸೆಯೂ ಇಲ್ಲ’ ಅಂದಮೇಲೆ ಬಿಲ್ ಬಂದದ್ದೇಕೆ?

ಗರ್ಭನಿರೋಧಕದ ಖರ್ಚನ್ನು ಆರೋಗ್ಯ ವಿಮೆ ಪೂರ್ತಿ ಭರಿಸಬೇಕು ಎನ್ನುವ ಅಮೆರಿಕದ ಕಾನೂನಿನ ಬಗ್ಗೆ ಅಲ್ಲಿನ ಕನ್ನಡಿಗರು ಹಲವು ಪ್ರಶ್ನೆ ಕಳಿಸಿದ್ದಾರೆ. ಒಂದು ಪ್ರಶ್ನೆ ಧಾರವಾಡದಿಂದಲೂ ಬಂದಿದೆ.

ಪ್ರಶ್ನೆ: ಟೆಕ್ಸಸ್‌ನಲ್ಲಿದ್ದೇವೆ, ಯಜಮಾನರ ಕಂಪನಿಯ ಇನ್ಶೂರೆನ್ಸ್ ಇದೆ. ಎರಡನೇ ಮಗುವಾದ ಮೇಲೆ ಹಾರ್ಮೋನ್ ವಂಕಿ, ಅಂದರೆ ಗರ್ಭಕೋಶದೊಳಗೆ ಇಡುವ ಮಿರೇನಾ, ಹಾಕಿಸಿಕೊಂಡೆ. ಪೂರ್ತಿ ಉಚಿತ ಅಂದಿದ್ದರು. ಈಗ ಕ್ಲಿನಿಕ್ಕಿನಿಂದ 310 ಡಾಲರ್ ಬಿಲ್ ಬಂದಿದೆ. ಕಟ್ಟಿಬಿಡಲೇ?

ಈಗಲೇ ಕಟ್ಟಬೇಡಿ. ಕಟ್ಟಿದ ಹಣವನ್ನು ವಾಪಸ್ ಪಡೆಯುವುದು, ಕಟ್ಟದೆ ಪ್ರಶ್ನಿಸುವುದಕ್ಕಿಂತ ಬಹಳ ಕಷ್ಟ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 2010ರ ಅಫೋರ್ಡಬಲ್ ಕೇರ್ ಆ್ಯಕ್ಟ್ ಅಡಿಯಲ್ಲಿ ಗರ್ಭನಿರೋಧಕವನ್ನು ಮಹಿಳೆಯರ ಮುನ್ನೆಚ್ಚರಿಕೆ ಸೇವೆಗಳ ಪಟ್ಟಿಗೆ ಸೇರಿಸಿದ್ದಾರೆ. 2012ರ ಆಗಸ್ಟ್ 1ರಿಂದ ಶುರುವಾದ ಪಾಲಿಸಿ ವರ್ಷಗಳಿಗೆ ಇದು ಅನ್ವಯ. ನೆಟ್‌ವರ್ಕ್ ಒಳಗಿನ, ಅಂದರೆ ವಿಮೆಯೊಂದಿಗೆ ಒಪ್ಪಂದವಿರುವ ವೈದ್ಯರಲ್ಲಿ ಮಾಡಿಸಿದರೆ ಕೋಪೇ (ಪ್ರತಿ ಸಲ ಕೈಯಿಂದ ಕೊಡುವ ಪಾಲು), ಡಿಡಕ್ಟಿಬಲ್ (ವಿಮೆ ಕೊಡತೊಡಗುವ ಮೊದಲು ವರ್ಷಕ್ಕೆ ನೀವೇ ಭರಿಸಬೇಕಾದ ಮೊತ್ತ) ಎರಡೂ ಸೊನ್ನೆ. ವಂಕಿ ಮಾತ್ರವಲ್ಲ, ಸಲಹೆ, ಹಾಕುವುದು, ಆಮೇಲಿನ ತಪಾಸಣೆ, ಬೇಡವೆಂದಾಗ ತೆಗೆಸುವುದು, ಎಲ್ಲವೂ ಇದರೊಳಗೆ ಬರುತ್ತವೆ. ಆದರೆ ಇನ್ಶೂರೆನ್ಸ್ ಕಂಪನಿಯ ಕಂಪ್ಯೂಟರಿಗೆ ನೀವು ಯಾಕೆ ಹೋಗಿದ್ದಿರಿ ಎಂದು ಗೊತ್ತಿರುವುದಿಲ್ಲ. ಅದು ಬಿಲ್ಲಿನ ಮೇಲಿನ ಕೋಡ್ ಓದುತ್ತದೆ, ಅಷ್ಟೆ. ಕಾನೂನು ಕೊಟ್ಟ ಹಕ್ಕು ಕೈತಪ್ಪುವುದು ಬಹುತೇಕ ಈ ಕೋಡಿನ ಹಂತದಲ್ಲೇ.

ಕ್ಲಿನಿಕ್ಕಿಗೆ ಫೋನ್ ಮಾಡಿ ‘ಐಟಮೈಸ್ಡ್ ಬಿಲ್’, ಅಂದರೆ ಒಂದೊಂದು ಸೇವೆಯನ್ನೂ ಬಿಡಿಸಿ ಬರೆದ ಬಿಲ್, ಕೇಳಿ, ಕೊಡಲೇಬೇಕು. ಇನ್ಶೂರೆನ್ಸ್ ಕಂಪನಿಯ ವೆಬ್‌ಸೈಟಿನಿಂದ ಅದೇ ತಾರೀಖಿನ ‘ಎಕ್ಸ್‌ಪ್ಲನೇಶನ್ ಆಫ್ ಬೆನಿಫಿಟ್ಸ್’ (ವಿಮೆ ಯಾವುದಕ್ಕೆ ಎಷ್ಟು ಕೊಟ್ಟಿತು ಎಂಬ ವಿವರ) ಇಳಿಸಿಕೊಳ್ಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲು ನೋಡಿ. ಸಾಮಾನ್ಯವಾಗಿ ನಾಲ್ಕು ಸಾಲು ಇರುತ್ತವೆ: ಮಿರೇನಾ ಸಾಧನಕ್ಕೆ ಜೆ7298, ಹಾಕಿದ್ದಕ್ಕೆ 58300, ಮೂತ್ರದ ಗರ್ಭಪರೀಕ್ಷೆಗೆ 81025, ವೈದ್ಯರ ಭೇಟಿಗೆ 99213 ಅಥವಾ ಅದರ ಆಸುಪಾಸಿನ ಸಂಖ್ಯೆ. ಮೊದಲೆರಡರಲ್ಲಿ ತಕರಾರು ಬರುವುದು ಕಡಿಮೆ. ನಿಮ್ಮ 310 ಡಾಲರ್ ಬಹುಶಃ ಕೊನೆಯ ಎರಡರಲ್ಲಿದೆ.

ಗರ್ಭಪರೀಕ್ಷೆ ಸುಲಭದ್ದು. ವಂಕಿ ಹಾಕುವ ಮೊದಲು ಮಾಡುವ ಪರೀಕ್ಷೆ ಆ ಸೇವೆಯದ್ದೇ ಭಾಗ, ಬೇರೆ ಹಣ ಕೇಳುವಂತಿಲ್ಲ ಎಂದು ಕೇಂದ್ರ ಸರ್ಕಾರದ ಇಲಾಖೆಗಳು 2022ರ ಜುಲೈನಲ್ಲಿ ಸ್ಪಷ್ಟಪಡಿಸಿವೆ. ಆ ಸಾಲಿನ ಎದುರು ರೋಗನಿರ್ಣಯದ ಕೋಡ್ ಏನಿದೆ ನೋಡಿ. ಝಡ್30.430 ಎಂದಿರಬೇಕು, ಅಂದರೆ ‘ವಂಕಿ ಹಾಕಲು ಬಂದ ಭೇಟಿ’. ಅದರ ಬದಲು ಝಡ್32ರಿಂದ ಶುರುವಾಗುವ ಗರ್ಭಪರೀಕ್ಷೆಯ ಕೋಡ್ ಒಂದೇ ಇದ್ದರೆ, ಕಂಪ್ಯೂಟರ್ ಅದನ್ನು ಬೇರೆಯೇ ಪರೀಕ್ಷೆ ಎಂದುಕೊಂಡು ಡಿಡಕ್ಟಿಬಲ್ಲಿಗೆ ಹಾಕುತ್ತದೆ.

ಭೇಟಿಯ ಸಾಲು ಕೊಂಚ ಸೂಕ್ಷ್ಮ. ಆ ದಿನ ವೈದ್ಯರ ಹತ್ತಿರ ವಂಕಿಯ ಮಾತು ಮಾತ್ರ ಆಡಿದ್ದರೆ ಅದು ಗರ್ಭನಿರೋಧಕ ಸಲಹೆ, ಪೂರ್ತಿ ಉಚಿತ. ‘ಹೇಗೂ ಬಂದಿದ್ದೇನೆ’ ಎಂದು ಥೈರಾಯ್ಡನ್ನೋ ಬೆನ್ನುನೋವನ್ನೋ ಪ್ರಸ್ತಾಪಿಸಿ, ವೈದ್ಯರು ಅದನ್ನೂ ನೋಡಿ ಔಷಧಿ ಬರೆದಿದ್ದರೆ, 25 ಎಂಬ ಮಾಡಿಫೈಯರ್ (ಅದೇ ದಿನದ ಬೇರೆ ಸೇವೆ ಎಂದು ತೋರಿಸುವ ಗುರುತು) ಹಚ್ಚಿ ಪ್ರತ್ಯೇಕ ಭೇಟಿಯಾಗಿ ಬಿಲ್ ಮಾಡಬಹುದು. ಆ ಪಾಲು ನಿಮ್ಮದೇ. ನಮ್ಮ ಹೆಣ್ಣುಮಕ್ಕಳು ಇಲ್ಲಿ ಸಿಕ್ಕಿಬೀಳುವುದು ಹೆಚ್ಚು, ಊರಲ್ಲಿ ಡಾಕ್ಟರ ಹತ್ತಿರ ಒಂದೇ ಸಲಕ್ಕೆ ಎಲ್ಲ ಹೇಳಿಕೊಂಡೇ ಬರುವ ರೂಢಿ.

ತಪ್ಪು ಕೋಡ್ ಕಂಡರೆ ಮೊದಲು ಕ್ಲಿನಿಕ್ಕಿನ ಬಿಲ್ಲಿಂಗ್ ವಿಭಾಗಕ್ಕೇ ಹೇಳಿ. ತಿದ್ದಿದ ಕ್ಲೇಮ್ ಕಳಿಸುವುದು ಅವರ ಕೆಲಸ, ಇನ್ಶೂರೆನ್ಸ್‌ನವರು ಕೋಡ್ ತಿದ್ದುವುದಿಲ್ಲ. ಅಲ್ಲಿಯತನಕ ಖಾತೆಯನ್ನು ‘ಹೋಲ್ಡ್’ನಲ್ಲಿಡಿ, ಕಲೆಕ್ಷನ್‌ಗೆ (ಬಾಕಿ ವಸೂಲಿಯವರಿಗೆ) ಕಳಿಸಬೇಡಿ ಎಂದು ಬರಹದಲ್ಲಿ ಕೇಳಿ. ಮಾತಾಡಿದವರ ಹೆಸರು, ತಾರೀಖು, ಕರೆಯ ರೆಫರೆನ್ಸ್ ಸಂಖ್ಯೆ ಬರೆದಿಡಿ. ಕೋಡ್ ಸರಿಯಿದ್ದೂ ತಿರಸ್ಕರಿಸಿದ್ದರೆ ಇನ್ಶೂರೆನ್ಸ್ ಕಂಪನಿಗೆ ಅಪೀಲು ಹಾಕಿ. ತಿರಸ್ಕಾರದ ಪತ್ರ ಕೈಸೇರಿದ ಮೇಲೆ 180 ದಿನ ಅವಕಾಶವಿದೆ. ಅಲ್ಲೂ ಆಗದಿದ್ದರೆ, ನಿಯಮ ಅನುಮತಿಸುವ ಪ್ರಕರಣಗಳಲ್ಲಿ, ನಾಲ್ಕು ತಿಂಗಳೊಳಗೆ ಹೊರಗಿನವರಿಂದ ಪರಿಶೀಲನೆ ಕೇಳಬಹುದು.

ದೂರು ಎಲ್ಲಿ ಕೊಡಬೇಕು ಎನ್ನುವುದು ಪ್ಲಾನ್ ಯಾವುದು ಎನ್ನುವುದರ ಮೇಲಿದೆ. ದೊಡ್ಡ ಕಂಪನಿಗಳು ಅನೇಕವು ತಮ್ಮದೇ ಹಣದಿಂದ ಕ್ಲೇಮ್ ಕೊಡುತ್ತವೆ, ಕಾರ್ಡಿನ ಮೇಲಿನ ಇನ್ಶೂರೆನ್ಸ್ ಹೆಸರು ಲೆಕ್ಕ ನೋಡಿಕೊಳ್ಳುವವರದ್ದು ಮಾತ್ರ. ಇದಕ್ಕೆ ‘ಸೆಲ್ಫ್ ಫಂಡೆಡ್’ ಎನ್ನುತ್ತಾರೆ, ದೂರು ಕೇಂದ್ರದ ಕಾರ್ಮಿಕ ಇಲಾಖೆಗೆ. ‘ಫುಲ್ಲಿ ಇನ್ಶೂರ್ಡ್’ ಆದರೆ, ಅಂದರೆ ಇನ್ಶೂರೆನ್ಸ್ ಕಂಪನಿಯೇ ತನ್ನ ಹಣದಿಂದ ಕ್ಲೇಮ್ ಕೊಡುವುದಾದರೆ, ರಾಜ್ಯದ ವಿಮಾ ಇಲಾಖೆಗೆ. ಯಾವುದು ಎಂದು ಯಜಮಾನರ ಎಚ್‌ಆರ್ ಹೇಳುತ್ತಾರೆ.

ಪ್ರಶ್ನೆ: ಮೂರು ವರ್ಷದಿಂದ ಒಂದೇ ಬ್ರ್ಯಾಂಡಿನ ಗುಳಿಗೆ ಒಗ್ಗಿತ್ತು. ಜನೆರಿಕ್ (ಬ್ರ್ಯಾಂಡ್ ಹೆಸರಿಲ್ಲದ ಅದೇ ಔಷಧಿ) ಮಾತ್ರ ಉಚಿತ, ಇದಕ್ಕೆ ದುಡ್ಡು ಕೊಡಿ ಅನ್ನುತ್ತಿದ್ದಾರೆ. ಜನೆರಿಕ್‌ನಿಂದ ನಡುನಡುವೆ ರಕ್ತಸ್ರಾವ, ತಲೆನೋವು.

ಒಂದೊಂದು ವಿಧದಲ್ಲಿ ಕನಿಷ್ಠ ಒಂದನ್ನು ಉಚಿತ ಕೊಟ್ಟರೆ ಸಾಕು ಎನ್ನುವುದು ಕೇಂದ್ರ ಇಲಾಖೆಗಳ 2015ರ ಸ್ಪಷ್ಟೀಕರಣ. ಹಾಗಾಗಿ ಜನೆರಿಕ್‌ಗೆ ತಳ್ಳುವುದು ಮೇಲ್ನೋಟಕ್ಕೆ ತಪ್ಪಲ್ಲ. ಆದರೆ ಅದೇ ಸ್ಪಷ್ಟೀಕರಣದಲ್ಲಿ ಇನ್ನೊಂದು ಮಾತೂ ಇದೆ. ಈ ರೋಗಿಗೆ ಇದೇ ಬೇಕು ಎಂದು ವೈದ್ಯರು ಬರೆದುಕೊಟ್ಟರೆ ಪ್ಲಾನ್ ಒಪ್ಪಲೇಬೇಕು, ಅದೂ ಉಚಿತವಾಗಿ. ಇದಕ್ಕೆ ‘ಎಕ್ಸೆಪ್ಷನ್ ರಿಕ್ವೆಸ್ಟ್’ ಎಂದು ಹೆಸರು. ವೈದ್ಯರ ಪತ್ರದಲ್ಲಿ ಯಾವ ಜನೆರಿಕ್, ಎಷ್ಟು ತಿಂಗಳು, ಏನೇನು ತೊಂದರೆಯಾಯಿತು ಎಂದು ಬಿಡಿಸಿ ಬರೆಸಿ. ‘ರೋಗಿಗೆ ಇಷ್ಟ’ ಎಂಬ ಒಂದು ಸಾಲು ಬರೆದರೆ ಪತ್ರ ಬಿದ್ದುಹೋಗುತ್ತದೆ. ಅಡ್ಡಪರಿಣಾಮದ ತೀವ್ರತೆ, ತಪ್ಪದೆ ನುಂಗುವ ಸಾಮರ್ಥ್ಯ, ಈ ಎರಡೂ ಪರಿಗಣಿಸಬೇಕಾದ ಕಾರಣಗಳೆಂದು ಸ್ಪಷ್ಟೀಕರಣದಲ್ಲೇ ಇದೆ, ಅವನ್ನೇ ಬರೆಸಿ.

ಪ್ರಶ್ನೆ: ಮಂಗಳೂರಿನವಳು, ಇಲ್ಲಿ ಕ್ಯಾಥೊಲಿಕ್ ಆಸ್ಪತ್ರೆಯೊಂದರಲ್ಲಿ ನರ್ಸ್. ನಮ್ಮ ಇನ್ಶೂರೆನ್ಸ್‌ನಲ್ಲಿ ಗರ್ಭನಿರೋಧಕವೇ ಇಲ್ಲವಂತೆ. ಇದು ಕಾನೂನಿಗೆ ವಿರುದ್ಧ ಅಲ್ಲವೇ?

ಇಲ್ಲಿ ಕಾನೂನೇ ಬಾಗಿಲು ತೆರೆದಿಟ್ಟಿದೆ. ಹಾಬಿ ಲಾಬಿ ಎಂಬ ಅಂಗಡಿ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2014ರ ತೀರ್ಪಿನಲ್ಲಿ ಕುಟುಂಬದ ಹಿಡಿತದಲ್ಲಿರುವ ಖಾಸಗಿ ಕಂಪನಿಗಳಿಗೂ ಧಾರ್ಮಿಕ ಆಕ್ಷೇಪದ ಹಕ್ಕು ಸಿಕ್ಕಿತು. 2018ರ ನಿಯಮ ವಿನಾಯಿತಿಯನ್ನು ಇನ್ನೂ ಹಿಗ್ಗಿಸಿತು, 2020ರಲ್ಲಿ ಸುಪ್ರೀಂ ಕೋರ್ಟ್ 7–2ರಿಂದ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ಜಿಲ್ಲಾ ಫೆಡರಲ್ ನ್ಯಾಯಾಲಯ ಬೇರೆ ಕಾರಣಕ್ಕೆ ಆ ನಿಯಮವನ್ನು ರದ್ದು ಮಾಡಿದೆ. ಕೋರ್ಟಿನ ಜಗಳ ಮುಗಿಯಲಿ ಎಂದು ನೀವು ಕಾಯುತ್ತ ಕೂರಬೇಕಿಲ್ಲ. ರಾತ್ರಿ ಪಾಳಿ ದುಡಿದು ಬೇರೆಯವರ ಹೆರಿಗೆ ನೋಡಿಕೊಳ್ಳುವವರಿಗೇ ಈ ಸೌಲಭ್ಯ ಇಲ್ಲದಿರುವುದು ಅನ್ಯಾಯ ಎಂದೇ ನಮ್ಮ ಅಭಿಪ್ರಾಯ.

ಪ್ಲಾನಿನಲ್ಲಿ ಯಾವುದು ಇಲ್ಲ ಎಂದು ಎಚ್‌ಆರ್ ಬರಹದಲ್ಲಿ ಹೇಳಲಿ. ಕೆಲವು ಸಂಸ್ಥೆಗಳು ತಾವು ಕೊಡದಿದ್ದರೂ ಇನ್ಶೂರೆನ್ಸ್ ಕಂಪನಿಯೇ ಪ್ರತ್ಯೇಕವಾಗಿ ಕೊಡುವ ವ್ಯವಸ್ಥೆ ಒಪ್ಪಿರುತ್ತವೆ, ಅದನ್ನೂ ಕೇಳಿ. ಪತಿಗೆ ಬೇರೆ ಕೆಲಸವಿದ್ದರೆ ಓಪನ್ ಎನ್‌ರೋಲ್‌ಮೆಂಟ್‌ನಲ್ಲಿ (ವರ್ಷಕ್ಕೊಮ್ಮೆ ಪ್ಲಾನ್ ಬದಲಿಸಲು ಸಿಗುವ ಅವಧಿ) ಅವರ ಪ್ಲಾನಿಗೆ ಸೇರುವುದು ನೇರ ದಾರಿ. ಅತಿಸ್ರಾವ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆದು ನೋವು ಕೊಡುವ ಕಾಯಿಲೆ) ನಿಜವಾಗಿಯೂ ಇದ್ದರೆ, ಚಿಕಿತ್ಸೆಯೆಂದು ಬರೆದ ಗುಳಿಗೆಯನ್ನು ಇಂಥ ಪ್ಲಾನ್‌ಗಳೂ ಕೊಡುವುದುಂಟು, ಆಗ ಕೋಪೇ ಇರಬಹುದು. 2024ರಿಂದ ಓಪಿಲ್ ಎಂಬ ಗುಳಿಗೆ ಚೀಟಿಯಿಲ್ಲದೆ ಅಂಗಡಿಯಲ್ಲೇ ಸಿಗುತ್ತದೆ. ದಿನಾ ಒಂದೇ ಹೊತ್ತಿಗೆ ನುಂಗಬೇಕು, ಮೂರು ಗಂಟೆ ತಡವಾದರೂ ಎರಡು ದಿನ ಕಾಂಡೋಮ್ ಬಳಸಬೇಕು. ಪಾಳಿ ಬದಲಾಗುವ ಕೆಲಸದಲ್ಲಿ ಇದನ್ನು ಮೊದಲೇ ಯೋಚಿಸಿ.

ಪ್ರಶ್ನೆ: ನನ್ನ ವ್ಯಾಸೆಕ್ಟಮಿಯೂ (ಗಂಡಸರ ಸಂತಾನಹರಣ ಆಪರೇಷನ್) ಉಚಿತವೇ?

ಕೇಂದ್ರ ಕಾನೂನಿನಲ್ಲಿ ಇಲ್ಲ. ಹೆಂಡತಿಯ ಆಪರೇಷನ್ ಅರಿವಳಿಕೆ ಸಹಿತ ಉಚಿತ, ಗಂಡನ ಸರಳ ಆಪರೇಷನ್‌ಗೆ ದುಡ್ಡು! ಕ್ಯಾಲಿಫೋರ್ನಿಯಾ, ಇಲಿನಾಯ್, ಮೇರಿಲ್ಯಾಂಡ್‌ನಂಥ ಕೆಲವು ರಾಜ್ಯಗಳು ತಮ್ಮದೇ ಕಾನೂನು ಮಾಡಿವೆ. ಅದು ‘ಸೆಲ್ಫ್ ಫಂಡೆಡ್’ ಪ್ಲಾನ್‌ಗಳಿಗೆ ಅನ್ವಯಿಸುವುದಿಲ್ಲ.

ಪ್ರಶ್ನೆ: ಧಾರವಾಡದಿಂದ. ತಂಗಿಗೆ ಅಮೆರಿಕದಲ್ಲಿ ಇದೆಲ್ಲ ಇನ್ಶೂರೆನ್ಸ್‌ನಲ್ಲೇ ಆಗುತ್ತದೆ. ನಾನು ಖಾಸಗಿ ಆಸ್ಪತ್ರೆಯಲ್ಲಿ ಕಾಪರ್-ಟಿ ಹಾಕಿಸಿದರೆ ನಮ್ಮ ಪಾಲಿಸಿ ಕೊಡುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ನಿಮ್ಮ ಪಾಲಿಸಿಯ ‘ಎಕ್ಸ್‌ಕ್ಲೂಷನ್’ ಪುಟ ತೆಗೆದು 17ನೇ ಕೋಡ್ ಓದಿ. ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ರೂಪಿಸಿದ ಒಂದೇ ಒಕ್ಕಣೆ ಅದು. ಬಂಜೆತನದ ಚಿಕಿತ್ಸೆಯ ಜೊತೆ ‘ಯಾವುದೇ ಬಗೆಯ ಗರ್ಭನಿರೋಧಕ, ಸಂತಾನಹರಣ ಚಿಕಿತ್ಸೆ’ಯನ್ನೂ ಅದರಲ್ಲಿ ಹೊರಗಿಟ್ಟಿದ್ದಾರೆ. ಕಂಪನಿಯ ಗ್ರೂಪ್ ಪಾಲಿಸಿಯಾದರೆ ವಿಶೇಷವಾಗಿ ಸೇರಿಸಿದ್ದಾರೆಯೇ ಎಂದು ಎಚ್‌ಆರ್ ಅವರನ್ನು ಒಮ್ಮೆ ಕೇಳಿ.

ನಮ್ಮಲ್ಲಿ ಉಚಿತ ಸಿಗುವುದು ಸರ್ಕಾರಿ ಆಸ್ಪತ್ರೆಯಲ್ಲಿ, ಅದಕ್ಕೆ ಯಾವ ಪಾಲಿಸಿಯೂ ಬೇಡ. ಕಾಪರ್-ಟಿ 380ಎ ಹತ್ತು ವರ್ಷಕ್ಕೆ, 375 ಐದು ವರ್ಷಕ್ಕೆ. ಹೆರಿಗೆಯಾದ 48 ಗಂಟೆಯೊಳಗೂ ಹಾಕಿಸಿಕೊಳ್ಳಬಹುದು. ‘ಅಂತರಾ’ ಸೂಜಿ ಮೂರು ತಿಂಗಳಿಗೊಮ್ಮೆ, ಮೊಲೆಯುಣಿಸುವವರಿಗೆ ಹೆರಿಗೆಯಾದ ಆರು ವಾರದ ಮೇಲೆ. ಹಾಕಿದ ಜಾಗವನ್ನು ತಿಕ್ಕಬಾರದು, ಬಿಸಿನೀರಿನ ಶಾಖ ಕೊಡಬಾರದು. ಹಾಗೆ ಮಾಡಿದರೆ ಔಷಧಿ ಬೇಗ ಕರಗಿ ಮೂರು ತಿಂಗಳು ಬಾಳುವುದಿಲ್ಲ. ಮುಂದಿನ ಸೂಜಿ ತಡವಾದರೆ ನಾಲ್ಕು ವಾರದವರೆಗೆ ಕೊಡುತ್ತಾರೆ.

ಹಾರ್ಮೋನ್ ಬೇಡವೆಂದರೆ ‘ಛಾಯಾ’ ಗುಳಿಗೆ ಇದೆ. ಮುಟ್ಟಿನ ಮೊದಲ ದಿನ ಶುರು ಮಾಡಿ, ಮೂರು ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೊಂದು. ಭಾನುವಾರ ಶುರುವಾದರೆ ಭಾನುವಾರ, ಬುಧವಾರ. ನಾಲ್ಕನೇ ತಿಂಗಳಿಂದ ಭಾನುವಾರ ಮಾತ್ರ. ಹೆಚ್ಚಿನವರು ಎಡವುವುದು ವಾರಕ್ಕೊಂದಕ್ಕೆ ಬಂದ ಮೇಲೆಯೇ. ಮರೆತು ಏಳು ದಿನದೊಳಗಾದರೆ ನೆನಪಾದ ಕೂಡಲೇ ನುಂಗಿ, ಮುಂದಿನ ಮುಟ್ಟಿನವರೆಗೆ ಕಾಂಡೋಮ್ ಬಳಸಿ. ಏಳು ದಿನ ದಾಟಿದ್ದರೆ ಮತ್ತೆ ವಾರಕ್ಕೆರಡರಿಂದ ಶುರು ಮಾಡಬೇಕು. ಗುಳಿಗೆಯ ಪಟ್ಟಿ (ಸ್ಟ್ರಿಪ್) ಮುಗಿಯುವ ಮೊದಲೇ ಆಶಾ ಕಾರ್ಯಕರ್ತೆಗೆ ಹೇಳಿಡಿ.