ಪ್ರತಿಕ್ರಿಯೆ: ಮೆಣಸಿನಕಾಯಿ ಚೀಲದ ಸಂಕೇತಕ್ಕೆ ಬೇಸ್64 ಬೇಡ

ಮಾನ್ಯರೇ, ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಚೀಲಗಳ ಮೇಲೆ ದಿನಾಂಕ, ದರ್ಜೆ ಮತ್ತು ಲಾಟ್ ಸಂಖ್ಯೆಯನ್ನು ಚಿಕ್ಕ ಸಂಕೇತವಾಗಿ ಕೈಯಿಂದ ಬರೆಯಲು ಬೇಸ್64 (ಮಾಹಿತಿಯನ್ನು 64 ಚಿಹ್ನೆಗಳಲ್ಲಿ ಬರೆಯುವ ಕ್ರಮ) ಆದೀತೇ ಎಂದು ಕೇಳಿದ್ದೀರಿ. ಬೇಡ ಎಂಬುದೇ ನನ್ನ ಅಭಿಪ್ರಾಯ. ಅದರಲ್ಲಿ ಇಂಗ್ಲಿಷಿನ ದೊಡ್ಡ ಮತ್ತು ಸಣ್ಣ ಅಕ್ಷರಗಳಿಗೆ ಬೇರೆ ಬೇರೆ ಬೆಲೆಯಿದ್ದು, ಹಮಾಲರು ಚೀಲದ ಮೇಲೆ ಬರೆದುದನ್ನು ಗುಮಾಸ್ತರು ಫೋನಿನಲ್ಲಿ ಓದಿ ಹೇಳುವಾಗ ಆ ವ್ಯತ್ಯಾಸ ಉಳಿಯುವುದಿಲ್ಲ.

ಬದಲಿಗೆ ಅಮೆರಿಕದ ಪ್ರೋಗ್ರಾಮರ್ ಡಗ್ಲಸ್ ಕ್ರಾಕ್‌ಫರ್ಡ್ ಅವರ ಬೇಸ್32 ಕ್ರಮವನ್ನು, ಅಂದರೆ 32 ಚಿಹ್ನೆಗಳಲ್ಲಿ ಬರೆಯುವುದನ್ನು, ನೋಡಿರಿ. ಅಂಕಿಗಳೊಂದಿಗೆ ಗೊಂದಲವಾಗುವ ಐ, ಎಲ್, ಓ ಅಕ್ಷರಗಳೂ ಯು ಕೂಡ ಅದರಲ್ಲಿಲ್ಲ; ಪ್ರತಿ ಅಕ್ಷರ 5 ಬಿಟ್ (0 ಅಥವಾ 1 ಎಂಬ ಮಾಹಿತಿಯ ಕಿರುಘಟಕ) ಹೊರುತ್ತದೆ. ಮೊದಲೆರಡು ಅಕ್ಷರಗಳನ್ನು ದಿನಕ್ಕೆ (1024 ದಿನ, ಅಂದರೆ ಸುಮಾರು ಎರಡೂಮುಕ್ಕಾಲು ವರ್ಷ), ಮೂರನೆಯದನ್ನು ದರ್ಜೆಗೆ, ಕೊನೆಯೆರಡನ್ನು ದಿನದ ಲಾಟಿಗೆ ಮೀಸಲಿಟ್ಟರೆ ಒಟ್ಟು 25 ಬಿಟ್ ಆಗುತ್ತದೆ. ಇಷ್ಟಕ್ಕೆ ಬೇಸ್64ರಲ್ಲಿಯೂ ಐದೇ ಅಕ್ಷರ ಬೇಕು, ಏಕೆಂದರೆ ನಾಲ್ಕರಲ್ಲಿ ಹಿಡಿಯುವುದು 24 ಬಿಟ್ ಮಾತ್ರ. ಮೇಲಾಗಿ, ದರ್ಜೆಯ ಅಕ್ಷರವನ್ನು ಗೋದಾಮಿನಲ್ಲಿ ಕಂಪ್ಯೂಟರಿಲ್ಲದೆಯೇ ಗುರುತಿಸಬಹುದು. ನನಗೆ ಇದೇ ಹೆಚ್ಚು ಮುಖ್ಯವೆನಿಸುತ್ತದೆ.

ಆರನೆಯದಾಗಿ, ಬರೆಯುವಾಗಿನ ತಪ್ಪನ್ನು ಪತ್ತೆಹಚ್ಚುವ ತಪಾಸಣಾ ಅಕ್ಷರವನ್ನು ತಪ್ಪದೇ ಸೇರಿಸಿರಿ. ಅದಕ್ಕೆ ಐದೂ ಅಕ್ಷರಗಳನ್ನು ಒಂದೇ ಸಂಖ್ಯೆಯಾಗಿ ಓದಿ, ಅದನ್ನು ಕ್ರಾಕ್‌ಫರ್ಡ್ ಹೇಳಿದಂತೆ 37ರಿಂದಲೇ ಭಾಗಿಸಿ ಶೇಷವನ್ನು ತೆಗೆದುಕೊಳ್ಳಬೇಕು. 31ರಿಂದ ಭಾಗಿಸಿದರೆ 32ರ ಶೇಷ 1 ಆಗಿ ಅಕ್ಷರದ ಸ್ಥಾನ ಲೆಕ್ಕಕ್ಕೇ ಬರದಿರುವುದರಿಂದ, ಅಕ್ಕಪಕ್ಕದ ಎರಡು ಅಕ್ಷರಗಳು ಅದಲುಬದಲಾದರೂ ತಪ್ಪು ಸಿಕ್ಕಿಬೀಳುವುದಿಲ್ಲ.